ಹಳೆಯ ಗ್ಯಾಸ್ಟ್ರಿಕ್, ಹೊಸ ಗ್ಯಾಸ್ಟ್ರಿಕ್ ಮತ್ತು ಕ್ಯಾನ್ಸರ್ ಭಯ

ಪ್ರಶ್ನೆ: ನನಗೆ 36 ವರ್ಷ. ಹತ್ತು ವರ್ಷದಿಂದ ಹುಳಿತೇಗು, ಹೊಟ್ಟೆ ಉಬ್ಬರ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುತ್ತದೆ. ಹೊಟ್ಟೆಯ ಸ್ಕ್ಯಾನಿಂಗ್ ನಾರ್ಮಲ್. ಇದು ಮುಂದೆ ಕ್ಯಾನ್ಸರ್ ಆಗುತ್ತದೆಯೇ? ರಕ್ತ ಪರೀಕ್ಷೆಯಲ್ಲಿ ಮೊದಲೇ ತಿಳಿಯಬಹುದೇ?
– ಓದುಗರು, ಹಾಸನ

ಉತ್ತರ: ಅಜೀರ್ಣವೇ ಬೆಳೆದು ಕ್ಯಾನ್ಸರ್ ಆಗುವುದಿಲ್ಲ. ಇಷ್ಟು ವರ್ಷ ಒಂದೇ ರೀತಿ ಇದ್ದು ತೂಕವೂ ಇಳಿದಿಲ್ಲವಾದರೆ, ಜಠರದ ಚಲನೆ ಮತ್ತು ಸಂವೇದನೆಯಲ್ಲಿನ ಏರುಪೇರೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಇಂಥ ಬಹುಪಾಲು ಜನರಿಗೆ ಎಂಡೋಸ್ಕೋಪಿ (ಬಾಯಿಯ ಮೂಲಕ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವುದು) ಮಾಡಿದರೂ ಹುಣ್ಣಾಗಲಿ ಗಡ್ಡೆಯಾಗಲಿ ಕಾಣುವುದಿಲ್ಲ.

ಆದರೆ ಸ್ಕ್ಯಾನಿಂಗ್ ವರದಿಯನ್ನು ನಂಬಿ ಜಠರ ಸರಿಯಿದೆ ಎನ್ನುವಂತಿಲ್ಲ. ಪಿತ್ತಕೋಶದ ಕಲ್ಲು ಅದರಲ್ಲಿ ಕಾಣುತ್ತದೆ, ಜಠರದ ಒಳಪದರ ಕಾಣುವುದಿಲ್ಲ. ಕ್ಯಾನ್ಸರ್ ಸೂಚಕಗಳೆನ್ನುವ ಸಿಇಎ, ಸಿಎ 19-9 ರಕ್ತ ಪರೀಕ್ಷೆಗಳಿಗೆ ದುಡ್ಡು ಹಾಕಬೇಡಿ. ಆರಂಭದ ಕ್ಯಾನ್ಸರ್ ಇದ್ದರೂ ಅವು ಸಹಜವಾಗಿರಬಹುದು. ನಿಮಗೆ ಬೇಕಾದದ್ದು ಹಿಮೋಗ್ಲೋಬಿನ್ ಮತ್ತು ಹೆಲಿಕೋಬ್ಯಾಕ್ಟರ್ ಪೈಲೋರಿ ಪರೀಕ್ಷೆ. ಈ ಬ್ಯಾಕ್ಟೀರಿಯಾವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲೇ ಕ್ಯಾನ್ಸರ್‌ಕಾರಕ ಎಂದು ಗುರುತಿಸಿದೆ, ಆದರೂ ಸೋಂಕು ಇರುವ ಬಹಳ ಮಂದಿಗೆ ಕ್ಯಾನ್ಸರ್ ಬರುವುದಿಲ್ಲ. ಉಸಿರಿನ ಇಲ್ಲವೇ ಮಲದ ಪರೀಕ್ಷೆಗೆ ಎರಡು ವಾರ ಮುಂಚೆ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ, ನಾಲ್ಕು ವಾರ ಮುಂಚೆ ಆ್ಯಂಟಿಬಯಾಟಿಕ್ ನಿಲ್ಲಿಸಿರಬೇಕು; ಇಲ್ಲದಿದ್ದರೆ ಸೋಂಕು ಇದ್ದರೂ ಇಲ್ಲವೆಂದು ಬರಬಹುದು. ಸೋಂಕು ಇದ್ದರೆ ಸಾಮಾನ್ಯವಾಗಿ 14 ದಿನದ ಕೋರ್ಸ್. ಅರ್ಧಕ್ಕೆ ಬಿಟ್ಟರೆ ಸೋಂಕು ಉಳಿದುಬಿಡಬಹುದು. ಕೋರ್ಸ್ ಮುಗಿದು ನಾಲ್ಕು ವಾರವಾದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಪ್ರಶ್ನೆ: ನಮ್ಮ ತಂದೆಯವರಿಗೆ 61. ಮೊದಲು ಎಂದೂ ಇರದ ಗ್ಯಾಸ್ಟ್ರಿಕ್ ಮೂರು ತಿಂಗಳಿಂದ ಶುರುವಾಗಿದೆ. ಮೆಡಿಕಲ್ ಶಾಪ್‌ನಿಂದ ಪ್ಯಾಂಟೊಪ್ರಜೋಲ್ ತಂದು ಕೊಟ್ಟರೆ ಆರಾಮಾಗುತ್ತದೆ. ಊಟ, ತೂಕ ಸರಿಯಿದೆ. ಇನ್ನೂ ಸ್ವಲ್ಪ ದಿನ ನೋಡಬಹುದೇ?
– ಓದುಗರು, ಚಿತ್ರದುರ್ಗ

ಉತ್ತರ: ಬೇಡ, ಈಗಲೇ ಎಂಡೋಸ್ಕೋಪಿ ಮಾಡಿಸಿ. ಹೊಟ್ಟೆ ಎಷ್ಟು ಉರಿಯುತ್ತದೆ ಎಂಬುದಕ್ಕಿಂತ ಯಾವ ವಯಸ್ಸಿನಲ್ಲಿ ಉರಿಯಲು ಶುರುವಾಯಿತು ಎಂಬುದು ಮುಖ್ಯ. ಅಮೆರಿಕ ಮತ್ತು ಕೆನಡಾದ ತಜ್ಞರ 2017ರ ಮಾರ್ಗಸೂಚಿ ಅಜೀರ್ಣಕ್ಕೆ ಎಂಡೋಸ್ಕೋಪಿ ಮಾಡಿಸಲು 60 ವರ್ಷದ ಗೆರೆ ಹಾಕಿದೆ. ನಮ್ಮಲ್ಲಿ ಅನೇಕ ವೈದ್ಯರು 45ರ ಆಸುಪಾಸಿನಲ್ಲೇ ಹೇಳುತ್ತಾರೆ, ಅದು ಸರಿಯೇ.

ಮಾತ್ರೆಯಿಂದ ಆರಾಮಾಯಿತು ಎಂಬುದು ಧೈರ್ಯ ಕೊಡುವ ಸಂಗತಿಯಲ್ಲ. ಆಮ್ಲ ಕಡಿಮೆಯಾದಾಗ ಕ್ಯಾನ್ಸರ್‌ನ ಹುಣ್ಣೂ ಮೇಲ್ಮೇಲೆ ಮಾಯ್ದಂತೆ ಕಾಣಬಹುದು, ನೋವೂ ಅಡಗಬಹುದು. ಹಾಗಾಗಿ ವೈದ್ಯರನ್ನು ಕೇಳಿ, ಸಾಧ್ಯವಾದರೆ ಪರೀಕ್ಷೆಗೆ ಎರಡು ವಾರ ಮುಂಚೆ ಈ ಮಾತ್ರೆ ನಿಲ್ಲಿಸಿ.

ತೂಕ ಇಳಿಯಲಿ, ಆಮೇಲೆ ನೋಡೋಣ ಎಂದೂ ಕೂರಬೇಡಿ. ಅಪಾಯದ ಚಿಹ್ನೆಗಳು ಅನೇಕರಲ್ಲಿ ಕಾಯಿಲೆ ಬಲಿತ ಮೇಲೇ ಕಾಣುವುದು. ಅವು ಕಂಡರಂತೂ ಯಾವ ವಯಸ್ಸಾದರೂ ತಡಮಾಡಬಾರದು. ನುಂಗುವ ತೊಂದರೆಯನ್ನೇ ನೋಡಿ: ಮೊದಲು ಮುದ್ದೆ, ಚಪಾತಿ ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಯಜಮಾನರು ಸಾರು ಹೆಚ್ಚು ಹಾಕಿಸಿಕೊಳ್ಳುತ್ತಾರೆ, ತುತ್ತಿಗೊಮ್ಮೆ ನೀರು ಕುಡಿಯುತ್ತಾರೆ, ಕೊನೆಗೆ ಗಂಜಿಗೆ ಇಳಿಯುತ್ತಾರೆ. ಮನೆಯವರು ಹಲ್ಲಿಲ್ಲ, ವಯಸ್ಸಾಯಿತು ಎಂದುಕೊಳ್ಳುತ್ತಾರೆ. ಹೊಗೆಸೊಪ್ಪು, ಗುಟ್ಕಾ, ಬೀಡಿ ಅಭ್ಯಾಸ ಇದ್ದವರಲ್ಲಂತೂ ಇದು ಅನ್ನನಾಳದ ಕ್ಯಾನ್ಸರ್‌ನ ಸೂಚನೆಯಾಗಿರಬಹುದು. ಪ್ರಯತ್ನಪಡದೆಯೇ ಆರು ತಿಂಗಳಲ್ಲಿ 60 ಕೆಜಿಯವರು 3 ಕೆಜಿ ಇಳಿದರೆ, ಗಂಡಸರ ಹಿಮೋಗ್ಲೋಬಿನ್ 13ಕ್ಕಿಂತ, ಹೆಂಗಸರದು 12ಕ್ಕಿಂತ ಕಡಿಮೆಯಿದ್ದು ಕಬ್ಬಿಣಾಂಶವೂ ಇಳಿದಿದ್ದರೆ, ಪದೇ ಪದೇ ವಾಂತಿಯಾದರೆ ತೋರಿಸಿ. ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಮಲ ಹೋದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ನುಂಗುತ್ತಿದ್ದರೆ ಹೇಳಿ.

ಎಂಡೋಸ್ಕೋಪಿಗೆ ಮುಂಚೆ 6ರಿಂದ 8 ಗಂಟೆ ಏನೂ ತಿಂದಿರಬಾರದು. ಜಠರದಲ್ಲಿ ಅನ್ನದ ಅಗುಳು ಉಳಿದಿದ್ದರೆ ಅದರಡಿಯ ಹುಣ್ಣು ಕಣ್ತಪ್ಪುತ್ತದೆ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ನೀವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿ. ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆಯುತ್ತಾರೆ. ಆ ಜೋಮು ಬಿಡುವವರೆಗೆ ಕಾಫಿಯನ್ನೂ ಕುಡಿಯಬೇಡಿ, ಶ್ವಾಸನಾಳಕ್ಕೆ ಹೋದೀತು.

ಪ್ರಶ್ನೆ: ಅಮ್ಮನ ಜಠರದಲ್ಲಿ ಹುಣ್ಣು ಇತ್ತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ ಎಂದು ಬಂದಿದೆ. ಆದರೂ ಮತ್ತೆ ಎಂಡೋಸ್ಕೋಪಿಗೆ ಕರೆದಿದ್ದಾರೆ. ಬೇಕೇ?
– ಓದುಗರು, ಶಿರಸಿ

ಉತ್ತರ: ಖಂಡಿತ ಬೇಕು. ತುಣುಕು ತೆಗೆದ ಜಾಗದಲ್ಲಿ ಕ್ಯಾನ್ಸರ್ ಇಲ್ಲದೆ ಪಕ್ಕದಲ್ಲೇ ಇರಬಹುದು, ಅದಕ್ಕೇ ಹುಣ್ಣಿನ ಅಂಚಿನ ಸುತ್ತಲಿಂದ ಆರಾದರೂ ತುಣುಕು ತೆಗೆಯುವುದು. ಔಷಧಿ ಕೊಟ್ಟು ಸಾಮಾನ್ಯವಾಗಿ 6ರಿಂದ 8 ವಾರಕ್ಕೆ ಮತ್ತೆ ನೋಡುತ್ತಾರೆ. ಮಾಯದಿದ್ದರೆ ಮತ್ತೆ ಬಯಾಪ್ಸಿ. ಹುಣ್ಣು ಡುಯೋಡಿನಮ್‌ನಲ್ಲಿ, ಅಂದರೆ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಇದ್ದಿದ್ದರೆ ಕ್ಯಾನ್ಸರ್ ಅಪರೂಪ. ಆಗ ಸಾಮಾನ್ಯವಾಗಿ ಮತ್ತೆ ಕರೆಯುವುದಿಲ್ಲ.