ಹೊಸ ಡಾಕ್ಟರ್‌ಗಳಿಗೆ ಪ್ಯಾಲಿಯೇಟಿವ್ ಕೇರ್ ಕಲಿಸಲು ಒಂದು ದಿನದ ತರಗತಿ ಸಾಕಾ?

ಈಗಷ್ಟೇ ಪಾಸಾಗಿ ನಿಮ್ಮ ವಾರ್ಡಿಗೆ ಬರುವ ಡಾಕ್ಟರ್‌ಗಳಿಗೆ ಒಂದು ದಿನದ ತರಗತಿ ಇಟ್ಟರೆ ಸಾಕಾ, ಅದರಲ್ಲಿ ಏನು ಕಲಿಸಬೇಕು ಅಂತ ಕೇಳಿದ್ದೀರಿ. ನಾನು ಪ್ಯಾಲಿಯೇಟಿವ್ ಕೇರ್ ಡಾಕ್ಟರ್, ಅಂದರೆ ಗಂಭೀರ ಕಾಯಿಲೆ ಇರುವವರ ನೋವು, ಸಂಕಟ ತಗ್ಗಿಸುವುದು ನನ್ನ ಕೆಲಸ. ಹೊಸಬರಿಗೆ ಕಲಿಸುವುದೂ ನನ್ನ ಕೆಲಸವೇ. ತರಗತಿ ಇಡಿ, ಆದರೆ ಅರ್ಧ ದಿನಕ್ಕೆ ಮುಗಿಸಿ. ಉಳಿದದ್ದೆಲ್ಲ ರೋಗಿಯ ಹಾಸಿಗೆ ಪಕ್ಕದಲ್ಲೇ ನಡೆಯಲಿ.

ಹೊಸಬರಿಗೆ ಓದು ಕಡಿಮೆ ಇರುವುದಿಲ್ಲ. ಬ್ರಿಟಿಷ್ ಡಾಕ್ಟರ್ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸಾಯುತ್ತಿರುವವರ ಆರೈಕೆಗೆ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದದ್ದು, ಕ್ಯಾನ್ಸರ್ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ, ನೋವು ಹೆಚ್ಚಿದಂತೆ ಬಲವಾದ ಔಷಧಿಗೆ ಏರುವ ಮೂರು ಮೆಟ್ಟಿಲಿನ ಏಣಿ ಕೊಟ್ಟದ್ದು, ಇವೆಲ್ಲ ಪುಸ್ತಕದಲ್ಲೇ ಸಿಗುತ್ತವೆ. ಇಲ್ಲದಿರುವುದು ಒಂದು ಅಭ್ಯಾಸ: ಔಷಧಿ ಬರೆದ ಮೇಲೆ ಮತ್ತೆ ಹೋಗಿ ನೋಡುವುದು.

ಮಾರ್ಫಿನ್‌ನಿಂದಲೇ ಶುರು ಮಾಡಿ. ತೀವ್ರ ನೋವಿಗೆ ಕೊಡುವ ಔಷಧಿ ಅದು, ಭಯ ಇರುವುದು ಅಲ್ಲಿ. ಉಸಿರು ನಿಂತುಬಿಟ್ಟರೆ? ಚಟ ಹತ್ತಿದರೆ? ಈ ಭಯಕ್ಕೆ ‘ಬೇಕಾದಾಗ ಕೊಡಿ’ ಅಂತ ಬರೆದು ಹೊರಟುಬಿಡುತ್ತಾರೆ. ಅಂದರೆ ರೋಗಿ ನರಳಿದ ಮೇಲೆಯೇ ಔಷಧಿ! ಬಾಯಿಗೆ ಕೊಡುವ ಸಾಮಾನ್ಯ ಮಾರ್ಫಿನ್ ಅರ್ಧ ಗಂಟೆಯೊಳಗೆ ಕೆಲಸ ಶುರು ಮಾಡಿ, ಸುಮಾರು ನಾಲ್ಕು ಗಂಟೆ ಇರುತ್ತದೆ. ಹಾಗಾಗಿ ನೋವು ಸದಾ ಇರುವವರಿಗೆ ನಾಲ್ಕು ಗಂಟೆಗೊಮ್ಮೆ, ಗಡಿಯಾರ ನೋಡಿ ಕೊಡಬೇಕು. ನಡುವೆ ನೋವು ನುಗ್ಗಿ ಬಂದರೆ ಕೊಡುವ ಹೆಚ್ಚುವರಿ ಡೋಸ್, ದಿನದ ಒಟ್ಟು ಪ್ರಮಾಣದ ಹತ್ತನೇ ಒಂದರಿಂದ ಆರನೇ ಒಂದು ಭಾಗ. ದಿನಕ್ಕೆ 60 ಮಿಲಿಗ್ರಾಂ ಇದ್ದರೆ 6ರಿಂದ 10. ಈ ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸಿ. ಬಾಯಿಯಿಂದ ಚರ್ಮದಡಿಯ ಇಂಜೆಕ್ಷನ್‌ಗೆ ಬದಲಿಸುವಾಗ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ, ಅದನ್ನೂ ಮಾಡಿಸಿ. ಮಲಬದ್ಧತೆಗೆ ಔಷಧಿ ಮೊದಲ ದಿನವೇ ಬರೆಯಬೇಕು. ವಾಕರಿಕೆ ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ತಗ್ಗುತ್ತದೆ, ಮಲಬದ್ಧತೆ ತಗ್ಗುವುದಿಲ್ಲ. ಕಿಡ್ನಿ ಸರಿಯಿಲ್ಲದವರಲ್ಲಿ ಮಾರ್ಫಿನ್‌ನ ಅಂಶಗಳು ಮೈಯಲ್ಲೇ ಉಳಿದು ಮಂಪರು, ಗಲಿಬಿಲಿ, ಕೈಕಾಲು ಜಗ್ಗುವುದು ಶುರುವಾಗಬಹುದು. ಇನ್ನು ಫೆಂಟನಿಲ್ ಪಟ್ಟಿ, ಅಂದರೆ ಚರ್ಮಕ್ಕೆ ಅಂಟಿಸುವ ನೋವಿನ ಔಷಧಿ: ಅದು ಪೂರ್ತಿ ಕೆಲಸಕ್ಕೆ ಬರಲು ಅರ್ಧ ದಿನದ ಮೇಲೇ ಬೇಕು. ಈ ರಾತ್ರಿ ಅಳುತ್ತಿರುವವರಿಗೆ ಅದನ್ನು ಅಂಟಿಸಿ ಏನು ಉಪಯೋಗ?

ಬರೆದವರನ್ನೇ ಒಂದು ಗಂಟೆ ಬಿಟ್ಟು ವಾಪಸ್ ಕಳಿಸಿ. ನೋವು ಎಷ್ಟಿದೆ, ಮಂಪರು ಇದೆಯಾ, ನಿದ್ದೆ ಬಂತಾ ಅಂತ ಅವರೇ ಕೇಳಲಿ. ನೋವು ನೋಡಿಕೊಂಡು ಡೋಸ್ ಏರಿಸಿದರೆ ಉಸಿರು ಕುಗ್ಗುವ ಮೊದಲು ಸಾಮಾನ್ಯವಾಗಿ ಮಂಪರು ಕಾಣಿಸುತ್ತದೆ. ಅದನ್ನು ತಾವೇ ಗಮನಿಸಿ ನೋಡಿದವರಿಗೆ ಮಾತ್ರ ಧೈರ್ಯ ಬರುವುದು. ನನ್ನ ಸ್ಲೈಡ್‌ಗಳಿಂದ ಯಾರಿಗೂ ಬಂದದ್ದು ನಾನು ಕಂಡಿಲ್ಲ.

ಒಂದು ಪೂರ್ತಿ ಡ್ಯೂಟಿ ನರ್ಸ್ ಜೊತೆಗೂ ಹಾಕಿ. ಒಣಗಿದ ಬಾಯಿ ಒರೆಸುವುದು, ನೋವಾಗದಂತೆ ಮಗ್ಗುಲು ತಿರುಗಿಸುವುದು, ಉಸಿರಾಟ ಕಷ್ಟ ಆದವರ ಮುಖಕ್ಕೆ ಪುಟ್ಟ ಫ್ಯಾನ್ ಹಿಡಿಯುವುದು. ಇದನ್ನೆಲ್ಲ ಡಾಕ್ಟರ್‌ಗಳು ಡಾಕ್ಟರ್‌ಗಳಿಂದ ಕಲಿಯುವುದಿಲ್ಲ.

ಕೆಟ್ಟ ಸುದ್ದಿ ಹೇಳುವುದಕ್ಕೆ ಸ್ಪೈಕ್ಸ್ ಅನ್ನುವ ಆರು ಹಂತದ ಕ್ರಮ ಇದೆ, 2000ದಲ್ಲಿ ಬಂದದ್ದು. ಒಳ್ಳೆಯದೇ. ಆದರೆ ಹೊಸಬರು ಮುಂದಿನ ಹಂತ ನೆನಪಿಸಿಕೊಳ್ಳುತ್ತಾ ರೋಗಿ ಹೇಳಿದ್ದನ್ನೇ ಕೇಳಿಸಿಕೊಳ್ಳುವುದಿಲ್ಲ. ಪಾತ್ರ ಮಾಡಿಸಿ ಕಲಿಸುವಾಗ ನಾನು ಯಾರನ್ನೂ ಮೊದಲು ಡಾಕ್ಟರ್ ಪಾತ್ರಕ್ಕೆ ಬಿಡುವುದಿಲ್ಲ. ರೋಗಿಯಾಗಿ ಮಲಗಲಿ, ಇಲ್ಲ ಮಗಳಾಗಿ ಪಕ್ಕದಲ್ಲಿ ಕೂರಲಿ. ಮುಖ್ಯವಾಗಿ ಎರಡನ್ನು ತಿದ್ದುತ್ತೇನೆ. ಹೇಳುವ ಮೊದಲು ‘ನಿಮಗೆ ಇಲ್ಲಿಯವರೆಗೆ ಏನು ಗೊತ್ತಾಗಿದೆ?’ ಅಂತ ಕೇಳಬೇಕು. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಎರಡನೆಯದು ಮಹಾ ಕಷ್ಟ. ಮೌನ ತಾಳಲಾಗದೆ ಹೊಸಬರು ಕೀಮೋ, ಸ್ಕ್ಯಾನ್ ಅಂತ ಸುಮ್ನೆ ಮಾತು ತುಂಬುತ್ತಾರೆ.

‘ಅವರಿಗೆ ಹೇಳಬೇಡಿ ಡಾಕ್ಟ್ರೇ’ ಅಂತ ಮನೆಯವರು ತಡೆಯುವ ಸಂದರ್ಭ ಬಂದೇ ಬರುತ್ತದೆ. ಹೊಸಬರು ತಲೆಯಾಡಿಸಿ ಬರುತ್ತಾರೆ, ಇಲ್ಲವೇ ವಾದಕ್ಕೆ ಇಳಿಯುತ್ತಾರೆ. ಹೇಳಿದರೆ ಏನಾಗುತ್ತದೆ ಅಂತ ನಿಮಗೆ ಭಯ ಅಂತ ಮನೆಯವರನ್ನು ಕೇಳುವುದನ್ನು ಕಲಿಸಿ. ಆಮೇಲೆ ಎಷ್ಟು ತಿಳಿದುಕೊಳ್ಳಬೇಕು ಅಂತ ರೋಗಿಯನ್ನೇ ಕೇಳಬಹುದು. ಎಷ್ಟೋ ಸಲ ಅವರು ಆಗಲೇ ಊಹಿಸಿರುತ್ತಾರೆ.

ಸಾಯುತ್ತಿರುವವರನ್ನು ಮಾತ್ರ ತೋರಿಸಬೇಡಿ, ಹೊರರೋಗಿ ವಿಭಾಗಕ್ಕೂ ಕಳಿಸಿ. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರ ಮೇಲೆ ಅಮೆರಿಕದಲ್ಲಿ ಒಂದು ಅಧ್ಯಯನ ನಡೆದಿತ್ತು, 2010ರಲ್ಲಿ ಪ್ರಕಟವಾಯಿತು. ರೋಗ ಪತ್ತೆಯಾದ ಹೊಸದರಲ್ಲೇ ಪ್ಯಾಲಿಯೇಟಿವ್ ಕೇರ್ ಕೂಡ ಸಿಕ್ಕವರ ಬದುಕಿನ ಗುಣಮಟ್ಟ ಚೆನ್ನಾಗಿತ್ತು, ಮಧ್ಯಮ ಆಯಸ್ಸೂ (ಅರ್ಧದಷ್ಟು ಜನ ಬದುಕಿದ್ದ ಅವಧಿ) ಉಳಿದವರ 8.9 ತಿಂಗಳ ಬದಲು 11.6 ತಿಂಗಳಿತ್ತು. ಪ್ಯಾಲಿಯೇಟಿವ್ ಕೇರ್ ಅಂದರೆ ಕೊನೆಯ ವಾರದ ಕೆಲಸ ಅನ್ನುವ ನಂಬಿಕೆ ಈ ವಯಸ್ಸಿನಲ್ಲೇ ಹೋಗದಿದ್ದರೆ ಆಮೇಲೆ ಹೋಗುವುದು ಕಷ್ಟ.

ಮೊದಲ ಸಾವು ಕಂಡ ದಿನ ಸೀನಿಯರ್ ಒಬ್ಬರು ಅವರ ಜೊತೆ ಹತ್ತು ನಿಮಿಷ ಕೂತು ಮಾತಾಡಲಿ. ಅವತ್ತೇ.

ಕಲಿತರಾ ಅಂತ ತಿಳಿಯಲು ಪರೀಕ್ಷೆ ಬೇಡ. ಒಂದು ತಿಂಗಳ ನಂತರ ಅವರ ಕೇಸ್ ಶೀಟ್‌ಗಳನ್ನು ತೆಗೆದು ನೋಡಿ. ಮಾರ್ಫಿನ್ ಶುರು ಮಾಡಿದ ದಿನವೇ ಎರಡನೇ ಸಲ ಹೋಗಿ ನೋಡಿದ್ದು ಬರೆದಿದೆಯಾ? ಮಲಬದ್ಧತೆಯ ಔಷಧಿ ಇದೆಯಾ? ಇಲ್ಲದಿದ್ದರೆ ಅಂಥವರನ್ನು ಇನ್ನೊಂದು ವಾರ ನರ್ಸ್ ಜೊತೆ ಹಾಕಿ.