ಫೋನಲ್ಲಿ "ಮಾತ್ರೆ ತಗೊಂಡ್ಯಾ" ಅಂತ ಕೇಳೋದನ್ನ ಮೊದ್ಲು ನಿಲ್ಸಿ

ನೀವು "ಅಮ್ಮ ಚಿತ್ರದುರ್ಗದಲ್ಲಿ ಒಬ್ರೇ ಇದಾರೆ, ಡಿಮೆನ್ಷಿಯಾ (ನೆನಪು, ತಿಳುವಳಿಕೆ ಕುಂದೋ ಕಾಯಿಲೆ) ಅಂತ ಡಾಕ್ಟರ್ ಹೇಳಿದಾರೆ, ನಾನು ಪುಣೆಲಿದೀನಿ, ದಿನಕ್ಕೆ ಮೂರು ಸಲ ಫೋನ್ ಮಾಡಿ ಊಟ, ಮಾತ್ರೆ ಎಲ್ಲಾ ವಿಚಾರಿಸ್ಕೋತೀನಿ, ಸದ್ಯಕ್ಕೆ ನಡೀತಿದೆ, ಮುಂದೆ ಕ್ಯಾಮೆರಾ ಹಾಕ್ಸೋದಾ ಇಲ್ಲಾ ನನ್ ಹತ್ರ ಕರ್ಕೊಂಡ್ ಬರೋದಾ" ಅಂತ ಕೇಳಿದೀರಿ. ಆ "ಮೂರು ಸಲ ಫೋನ್" ಅನ್ನೋದನ್ನ ಓದಿ ನಂಗೆ ಎದೆ ಧಸಕ್ಕಂತು. ಕ್ಯಾಮೆರಾ ವಿಷ್ಯ ಆಮೇಲೆ.

ನಮ್ಮಮ್ಮ ಇರೋದು ದಾವಣಗೆರೆ ನಿಟ್ಟುವಳ್ಳಿಲಿ. ಅಪ್ಪ ಹೋದ್ಮೇಲೆ ಒಬ್ಳೇ. ನಾನು ಬೆಂಗಳೂರು, ತಂಗಿ ಬೆಳಗಾವಿ. ಮರೆವು ಶುರುವಾದಾಗ ಎಲ್ರೂ ಹೇಳೋ ಹಾಗೆ ಅರವತ್ತಕ್ಕೆ ಅರಳು ಮರಳು ಅಂತ ಸುಮ್ನಾದ್ವಿ. ಒಂದ್ ಯುಗಾದಿಗೆ ಊರಿಗೆ ಹೋದಾಗ ಹೋಳಿಗೆಗೆ ಅಂತ ಬೇಳೆ ಬೇಯೋಕಿಟ್ಲು, ಸ್ವಲ್ಪ ಹೊತ್ತಾದ್ಮೇಲೆ ಇನ್ನೊಂದು ಪಾತ್ರೆ ತಗೊಂಡು ಮತ್ತೆ ಬೇಳೆ ತೊಳೆದ್ಲು, ನಾನು ನೋಡ್ತಾ ಇದೀನಿ, ಮೂರನೇ ಸಲ ಡಬ್ಬಿಗೆ ಕೈ ಹಾಕಿದಾಗ ಗೊತ್ತಾಯ್ತು ಇದು ಬರೀ ವಯಸ್ಸಲ್ಲ ಅಂತ. ಬೆಂಗಳೂರಿಗೆ ಕರ್ಕೊಂಡ್ ಹೋಗಿ ತೋರ್ಸಿದ್ವಿ, ಸ್ಕ್ಯಾನು, ರಕ್ತ ಪರೀಕ್ಷೆ, ಆ 30 ಮಾರ್ಕಿನ ನೆನಪಿನ ಪರೀಕ್ಷೆ ಎಲ್ಲಾ ಆಯ್ತು. ಆಲ್ಝೈಮರ್, ಅಂದ್ರೆ ಡಿಮೆನ್ಷಿಯಾದಲ್ಲೇ ಒಂದು ಬಗೆ, ಇನ್ನೂ ಶುರುವಿನ ಹಂತ ಅಂದ್ರು. ಸದ್ಯ ಒಬ್ರೇ ಇರಬಹುದು, ಆದ್ರೆ ಮಾತ್ರೆ ಮೇಲೆ ಯಾರಾದ್ರೂ ನಿಗಾ ಇಡಿ ಅಂತ್ಲೂ ಅಂದ್ರು.

ಆ ಕೊನೇ ಮಾತನ್ನ ನಾನು ಅರ್ಥ ಮಾಡ್ಕೊಂಡಿದ್ದೇ ತಪ್ಪು. ನಿಗಾ ಅಂದ್ರೆ ಫೋನ್ ಅಂದ್ಕೊಂಡೆ.

ಅಮ್ಮಂಗೆ ಹದಿನೈದು ವರ್ಷದಿಂದ ಶುಗರ್. ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು, ರಾತ್ರಿ ಊಟಕ್ಕೆ ಮುಂಚೆ ಒಂದು ಮಾತ್ರೆ, ಗ್ಲಿಮೆಪಿರೈಡ್ ಮತ್ತೆ ಮೆಟ್‌ಫಾರ್ಮಿನ್ ಎರಡೂ ಸೇರಿರೋದು. ನಾನು ದಿನಾ ಸಂಜೆ 7:30ಕ್ಕೆ ಫೋನ್ ಮಾಡಿ "ಅಮ್ಮ, ಮಾತ್ರೆ ತಗೊಂಡ್ಯಾ?" ಅಂತಿದ್ದೆ. "ಹ್ಞೂಂ ತಗಂಡೆ ಕಣಪ್ಪ" ಅಂತಿದ್ಲು. ತಂಗಿ ಡ್ಯೂಟಿ ಮುಗಿಸ್ಕೊಂಡು ಬಂದು 8:30ಕ್ಕೆ ಮಾಡ್ತಿದ್ಲು, ಅದೇ ಪ್ರಶ್ನೆ, ಅದೇ ಉತ್ತರ. ಇಬ್ಬರೂ ನೆಮ್ಮದಿಯಾಗಿ ಮಲಗ್ತಿದ್ವಿ. ಹತ್ತು ತಿಂಗಳು ಹೀಗೇ ನಡೀತು.

ನಡೀತಿದ್ದಿದ್ದು ಏನು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮ್ಮನೇಲೂ ಇದೇ ನಡೀತಿರಬಹುದು. ಈ ಕಾಯಿಲೆಲಿ ಮೊದ್ಲು ಹೋಗೋದು ಹೊಸ ನೆನಪು. ಐವತ್ತು ವರ್ಷದ ಹಿಂದಿನ ಮದ್ವೆ ಊಟದಲ್ಲಿ ಏನೇನ್ ಬಡಿಸಿದ್ರು ಅಂತ ಹೇಳ್ತಾರೆ, ಅರ್ಧ ಗಂಟೆ ಹಿಂದೆ ಬಾಯಿಗೆ ಹಾಕ್ಕೊಂಡ ಮಾತ್ರೆ ಮನಸ್ಸಲ್ಲಿ ಅಚ್ಚೇ ಆಗಿರಲ್ಲ. ಮಾತಿನ ರೂಢಿ ಮಾತ್ರ ಬಹಳ ದಿನ ಉಳಿಯುತ್ತೆ, ಉಂಡ್ಯಾ ಅಂದ್ರೆ ಉಂಡೆ, ಆರಾಮಿದೀಯಾ ಅಂದ್ರೆ ಆರಾಮು, ಹಾಗಾಗಿ ಐದು ನಿಮಿಷದ ಫೋನಲ್ಲಿ ಏನೂ ಗೊತ್ತಾಗಲ್ಲ. ಅದು ಸುಳ್ಳೂ ಅಲ್ಲ. ನಾನು ಕೇಳಿದ ತಕ್ಷಣ ಅವಳಿಗೆ ಮಗನ ದನಿಲಿರೋ ಆತಂಕ ಗೊತ್ತಾಗ್ತಿತ್ತು, ಸಮಾಧಾನಕ್ಕೆ "ತಗಂಡೆ" ಅಂತಿದ್ಲು, ಫೋನ್ ಇಟ್ಮೇಲೆ ಅವಳಿಗೇ ಅನುಮಾನ, ತಗೊಂಡ್ನೋ ಇಲ್ವೋ, ಮಗ ಅಷ್ಟು ಕೇಳ್ದ ಅಂದ್ರೆ ತಗೊಂಡಿಲ್ಲ ಅನ್ಸುತ್ತೆ ಅಂತ ಎದ್ದು ಹೋಗಿ ಒಂದು ತಗೊಳ್ತಿದ್ಲು. ಒಂದ್ ಗಂಟೆ ಆದ್ಮೇಲೆ ತಂಗಿ ಫೋನು. ಮತ್ತೆ ಒಂದು. ಇದು ನನ್ನ ಊಹೆ ಅಲ್ಲ, ಎದುರುಮನೆ ಅಕ್ಕ ಎಷ್ಟೋ ಸಂಜೆ ಅಮ್ಮನ ಜೊತೆ ಕೂತಿರ್ತಿದ್ರು, ಆಮೇಲೆ ಹೇಳಿದ್ರು: "ನಿಮ್ ಫೋನ್ ಬಂದು ಹೋದ್ ಕೂಡ್ಲೇ ಒಳಗೋಗಿ ನೀರು ಕುಡ್ಕೊಂಡು ಬರೋರು, ನಂಗೇನ್ ಗೊತ್ತು."

ಅವ್ರಿಗೆ ಗೊತ್ತಿರಲಿಲ್ಲ, ಯಾಕಂದ್ರೆ ನಾವು ಹೇಳಿರಲಿಲ್ಲ. ಓಣಿಲಿ ಗೊತ್ತಾದ್ರೆ ಅಮ್ಮನ್ನ ಹುಚ್ಚಿ ಅಂತಾರೆ ಅಂತ ಮುಚ್ಚಿಟ್ಟಿದ್ವಿ. ಮೂಲೆ ಮೆಡಿಕಲ್ ಶಾಪಿನವ್ರಿಗೂ ಹೇಳಿರಲಿಲ್ಲ, ಅವ್ರು ಅಮ್ಮ ಕೇಳಿದಾಗೆಲ್ಲಾ ಕೊಟ್ಟಿದಾರೆ.

ಡಿಸೆಂಬರ್ ತಿಂಗಳು, ಬೆಳಿಗ್ಗೆ ಒಂಬತ್ತಾದ್ರೂ ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಇತ್ತು. ಎದುರುಮನೆ ಅಕ್ಕ ಕೂಗಿದ್ರೆ ಉತ್ತರ ಇಲ್ಲ, ಅವ್ರ ಹತ್ರ ಕೀ ಇಲ್ಲ, ನನಗೆ ಫೋನ್ ಮಾಡಿದ್ರು, ನಾನು 260 ಕಿಲೋಮೀಟರ್ ದೂರದಲ್ಲಿ ಫೋನ್ ಹಿಡ್ಕೊಂಡು ಬಾಗಿಲು ಒಡೀರಿ ಒಡೀರಿ ಅಂತ ಕಿರುಚ್ತಾ ಇದೀನಿ. ಅಡುಗೆ ಮನೆ ಹೊಸ್ತಿಲ ಹತ್ರ ಬಿದ್ದಿದ್ಲು. ಆ ಚಳಿಲೂ ಸೀರೆ ಎಲ್ಲಾ ಬೆವರಿಗೆ ಒದ್ದೆ. ಆಸ್ಪತ್ರೆಲಿ ನೋಡಿದಾಗ ಶುಗರ್ 34. 70ರ ಕೆಳಗೆ ಬಂದ್ರೇನೇ ಕಡಿಮೆ ಅಂತಾರೆ. ಹಿಂದಿನ ರಾತ್ರಿ ಎರಡು ಮಾತ್ರೆ ತಗೊಂಡು ಊಟ ಮಾಡಿರಲಿಲ್ಲ, ಅನ್ನ ಸಾರು ಮುಚ್ಚಿಟ್ಟಿದ್ದು ಹಾಗೇ ಇತ್ತು. ಗ್ಲಿಮೆಪಿರೈಡ್ ಬೇಗ ಮೈಯಿಂದ ಹೋಗಲ್ವಂತೆ, ಗ್ಲುಕೋಸ್ ಏರಿಸಿದ್ರೆ ಸ್ವಲ್ಪ ಹೊತ್ತು ಏರೋದು ಮತ್ತೆ ಇಳಿಯೋದು, ಮೂರು ದಿನ ಇಟ್ಕೊಂಡ್ರು.

ಎರಡನೇ ರಾತ್ರಿ ಅವಳ ಬಟ್ಟೆ ತರೋಕೆ ಮನೆಗೆ ಬಂದೆ. ಅಪ್ಪನ ಫೋಟೋ ಕೆಳಗಿನ ಗೂಡಲ್ಲಿ ಹಳೇ ಬಿಸ್ಕೆಟ್ ಡಬ್ಬಿ. ಖಾಲಿ ಸ್ಟ್ರಿಪ್ಪುಗಳನ್ನೆಲ್ಲಾ ಬಿಸಾಕದೆ ಒಂದರ ಮೇಲೊಂದು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ಲು. ಮಾತ್ರೆ ತಗೊಂಡಿದೀನಿ ಅಂತ ಅವಳಿಗೆ ಅವಳೇ ಇಟ್ಕೊಂಡಿದ್ದ ಲೆಕ್ಕ ಅದು. ನೆಲದ ಮೇಲೆ ಕೂತು ಎಣಿಸಿ ಮೆಡಿಕಲ್ ಶಾಪಿನ ಬಿಲ್ಲುಗಳ ಜೊತೆ ತಾಳೆ ಹಾಕಿದೆ. ತಿಂಗಳಿಗೆ ಅಂತ ತಗೊಂಡ 60 ಮಾತ್ರೆ ನಾಲ್ಕು ತಿಂಗಳಿಂದ 20, 21 ದಿನಕ್ಕೆ ಮುಗೀತಿತ್ತು. ದಿನಕ್ಕೆ ಮೂರು. ಎರಡು ಡಾಕ್ಟರ್ ಬರೆದಿದ್ದು, ಒಂದು ನಮ್ಮ ಫೋನಿಂದು.

ಆಸ್ಪತ್ರೆಗೆ ಹೋಗೋ ಮುಂಚೆ ಮಂಡಕ್ಕಿ ಒಗ್ಗರಣೆ ಮಾಡ್ತಿದ್ಲು, ಅಂಗಳಕ್ಕೆ ರಂಗೋಲಿ ಹಾಕ್ತಿದ್ಲು. ಬಂದ್ಮೇಲೆ ರಂಗೋಲಿ ಪುಡಿ ಕೈಯಲ್ಲಿ ಹಿಡ್ಕೊಂಡು ನಿಂತ್ಕೊಳ್ಳೋಳು, ಏನ್ ಮಾಡ್ಬೇಕು ಅಂತ ಗೊತ್ತಾಗ್ತಿರಲಿಲ್ಲ. ಮಿದುಳಿಗೆ ಗ್ಲುಕೋಸೇ ಆಹಾರ, ರಾತ್ರಿಯೆಲ್ಲಾ ಅದು ಇಲ್ದೇ ಇದ್ರೆ ಏನಾಗ್ಬೇಕೋ ಅದೇ ಆಗಿದೆ. ಕಾಯಿಲೆಯಿಂದ ಎಷ್ಟು, ಆ ರಾತ್ರಿಯಿಂದ ಎಷ್ಟು ಅಂತ ಬೇರೆ ಮಾಡಿ ಹೇಳೋಕಾಗಲ್ಲ ಅಂದ್ರು ಡಾಕ್ಟರ್. ನಂಗೆ ಮಾತ್ರ ಎಷ್ಟು ಅಂತ ಗೊತ್ತು.

ಆಮೇಲೆ ಎಲ್ರೂ ಮಾಡೋದನ್ನೇ ಮಾಡಿದೆ, ಬೆಂಗಳೂರಿಗೆ ಕರ್ಕೊಂಡ್ ಬಂದೆ. ಆರನೇ ಮಹಡಿ. ಸಂಜೆ ಐದಾದ್ರೆ ಸೆರಗು ಹೊದ್ದು ಚೀಲ ಹಿಡ್ಕೊಂಡು ಲಿಫ್ಟ್ ಹತ್ರ ನಿಲ್ಲೋಳು, "ನಡಿಯಪ್ಪ, ಮನೆಗೋಗಣ, ಕತ್ಲಾಗ್ತೈತೆ." ಬಾತ್‌ರೂಮ್ ಯಾವ ಕಡೆ ಅಂತ ನಲವತ್ತು ದಿನ ಆದ್ರೂ ಗೊತ್ತಾಗಲಿಲ್ಲ, ನಿಟ್ಟುವಳ್ಳಿ ಮನೇಲಿ ಕತ್ತಲಲ್ಲೂ ಕಾಲೇ ಕರ್ಕೊಂಡು ಹೋಗುತ್ತೆ. ವಾಪಸ್ ಬಿಟ್ವಿ. ಹಾಗಾಗಿ ಪುಣೆಗೆ ಕರ್ಕೊಂಡು ಬರೋದಕ್ಕೆ ನಂದು ಒಪ್ಪಿಗೆ ಇಲ್ಲ, ಅದೂ ಭಾಷೆ ಗೊತ್ತಿಲ್ಲದ ಊರಿಗೆ. ಮುಂದೆ ಹಾಸಿಗೆ ಹಿಡಿದ ಕಾಲಕ್ಕೆ ಬೇರೆ ಮಾತು.

ಕ್ಯಾಮೆರಾಗೆ ದುಡ್ಡು ಹಾಕೋ ಮುಂಚೆ ಬಾಗಿಲ ಕೀ ಇನ್ನೊಂದು ಮಾಡ್ಸಿ ಎದುರುಮನೆಗೆ ಕೊಡಿ. ಕ್ಯಾಮೆರಾ ಬಿದ್ದಿರೋರನ್ನ ನಿಮಗೆ ತೋರ್ಸುತ್ತೆ ಅಷ್ಟೇ, ಎತ್ತೋಕೆ ಯಾರಾದ್ರೂ ಒಳಗೆ ಬರ್ಬೇಕಲ್ಲ.

ನಾವೀಗ ಅದೇ ಓಣಿಯ ಒಬ್ಬ ಅಕ್ಕನಿಗೆ ಸಂಬಳ ಕೊಟ್ಟು ಬೆಳಿಗ್ಗೆ ಎರಡು ಗಂಟೆ ಹೊತ್ತು, ಸಂಜೆ ಎರಡು ಗಂಟೆ ಹೊತ್ತು ಬಂದಿರೋಕೆ ಹೇಳಿದೀವಿ, ರಾತ್ರಿ ಅವ್ರ ಮಗಳು ಮಲಗೋಕೆ ಬರ್ತಾಳೆ. ಮಾತ್ರೆ ಬೀರುವಲ್ಲಿ ಬೀಗ ಹಾಕಿರುತ್ತೆ, ಅವ್ರೇ ಕೈಗೆ ಕೊಟ್ಟು ನುಂಗೋದನ್ನ ನೋಡ್ತಾರೆ. ನಾನು ಫೋನ್ ಮಾಡೋದು ಮೊದ್ಲು ಆ ಅಕ್ಕನಿಗೆ, ಪ್ರಶ್ನೆ ಏನಿದ್ರೂ ಅವ್ರಿಗೆ. ಅಮ್ಮನ ಹತ್ರ ಬರೀ ಮಾತು. ಇಲ್ಲಿ ಮಳೆ ಬಂತಮ್ಮ, ಮಗಳು ಇವತ್ತು ಸ್ಕೂಲಲ್ಲಿ ಹಾಡು ಹೇಳಿದ್ಲಮ್ಮ, ಅಷ್ಟೇ. "ನಾನ್ಯಾರು ಹೇಳು ನೋಡೋಣ" ಅಂತ ಪರೀಕ್ಷೆ ಮಾಡೋ ನೆಂಟರಿದಾರಲ್ಲ, ಅವ್ರಿಗೆ ನಾನು ಮುಖಕ್ಕೇ ಹೇಳಿದೀನಿ ಹಾಗ್ ಕೇಳೋದಾದ್ರೆ ಬರ್ಬೇಡಿ ಅಂತ.

ಓಣಿಯವ್ರಿಗೆ, ಮೆಡಿಕಲ್ ಶಾಪಿಗೆ, ಹಾಲಿನವ್ನಿಗೆ, ಆಟೋ ಸ್ಟ್ಯಾಂಡಿಗೆ ಎಲ್ಲಾ ಹೇಳಿ. ನಾಚಿಕೆ ಯಾಕೆ, ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು ಜನಕ್ಕೆ, ಹತ್ರತ್ರ 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಅಂತ ಅಂದಾಜು, ನಿಮ್ಮ ಓಣಿಲೇ ಇನ್ನೊಬ್ರು ಇರ್ತಾರೆ. ನಾವು ಹೇಳಿದ್ಮೇಲೆ ಯಾರೂ ಹುಚ್ಚಿ ಅನ್ನಲಿಲ್ಲ. ಎರಡು ಸಲ ಅಮ್ಮ ಗಡಿಯಾರ ಕಂಬದವರೆಗೆ ಹೋಗ್ಬಿಟ್ಟಿದ್ಲು, ಎರಡು ಸಲನೂ ಗುರುತಿನ ಆಟೋದವ್ರೇ ಕೂರಿಸ್ಕೊಂಡು ಬಂದು ಬಿಟ್ರು, ದುಡ್ಡು ಮುಟ್ಟಲಿಲ್ಲ.

ನಿಮ್ಮಮ್ಮಂಗೆ ಶುಗರ್ ಇದೆಯೋ ಇಲ್ವೋ ಬರೆದಿಲ್ಲ. ಇದ್ರೆ ಡಾಕ್ಟರ್ ಹತ್ರ ನೇರವಾಗಿ ಕೇಳಿ, ಶುಗರ್ ತೀರಾ ಇಳಿಸೋ ಮಾತ್ರೆ ಇವ್ರಿಗೆ ಬೇಕಾ ಅಂತ. ನಮ್ಮಮ್ಮಂಗೆ ಗ್ಲಿಮೆಪಿರೈಡ್ ನಿಲ್ಸಿದ್ರು, ಶುಗರ್ ಸ್ವಲ್ಪ ಜಾಸ್ತಿ ಇದ್ರೂ ಪರವಾಗಿಲ್ಲ, ಇಳಿಯೋದು ಬೇಡ ಅಂದ್ರು. ರಕ್ತದಲ್ಲಿ ವಿಟಮಿನ್ ಬಿ12 ಕೂಡ ನೋಡ್ಸಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡ್ರೆ ಅದು ಕಡಿಮೆ ಆಗಬಹುದು, ಅದರಿಂದ್ಲೂ ಮರೆವು ಹೆಚ್ಚಬಹುದು. ಇನ್ನೊಂದು, ಎರಡು ಮೂರು ದಿನದಲ್ಲಿ ಇದ್ದಕ್ಕಿದ್ದಂಗೆ ಗೊಂದಲ ಜಾಸ್ತಿ ಆದ್ರೆ ಕಾಯಿಲೆ ಮುಂದುವರೀತು ಅಂತ ಕೈ ಚೆಲ್ಲಬೇಡಿ, ಈ ಕಾಯಿಲೆ ಹಂಗೆ ಓಡಲ್ಲ. ಹೋದ ಮಳೆಗಾಲ ಅಮ್ಮ ರಾತ್ರಿಯೆಲ್ಲಾ ಗೋಡೆ ಮೇಲೆ ಯಾರೋ ಇದಾರೆ ಅಂತ ಕಿರುಚ್ತಿದ್ಲು, ನೋಡಿದ್ರೆ ಮೂತ್ರದ ಸೋಂಕು, ಮಾತ್ರೆ ಕೊಟ್ಮೇಲೆ ವಾರದಲ್ಲಿ ಮೊದಲಿನ ಹಂಗಾದ್ಲು.

ಬ್ಯಾಂಕ್ ಕೆಲ್ಸ ಅಮ್ಮಂಗೆ ತಿಳುವಳಿಕೆ ಇರೋವಾಗ್ಲೇ ಮುಗಿಸ್ಕೊಳ್ಳಿ, ಜಂಟಿ ಖಾತೆ ಮಾಡ್ಸಿ. ಪವರ್ ಆಫ್ ಅಟಾರ್ನಿ (ಅವ್ರ ಪರವಾಗಿ ವ್ಯವಹಾರ ಮಾಡೋಕೆ ಬರೆದುಕೊಡೋ ಅಧಿಕಾರ ಪತ್ರ) ಇದೆ ಅಂತ ನೆಚ್ಕೋಬೇಡಿ, ಬರ್ಕೊಟ್ಟವ್ರ ತಿಳುವಳಿಕೆ ಹೋದ್ಮೇಲೆ ನಮ್ಮ ಕಾನೂನಲ್ಲಿ ಅದು ನಿಲ್ಲಲ್ಲ. ಯಾರೂ ಸಿಗ್ಲಿಲ್ಲ ಅಂದ್ರೆ ಹಿರಿಯರ ಸಹಾಯವಾಣಿ 14567 ಇದೆ.

ಇವತ್ತು ರಾತ್ರಿ ಅಮ್ಮಂಗೆ ಫೋನ್ ಮಾಡಿ, ಮಾತ್ರೆ ವಿಷ್ಯ ಎತ್ತಬೇಡಿ. ನಾಳೆ ಪಕ್ಕದ ಮನೆಯವ್ರಿಗೆ ಫೋನ್ ಮಾಡಿ ಅಮ್ಮನ ಮಾತ್ರೆ ಡಬ್ಬಿ ತೆಗೆಸಿ ಎಣಿಸೋಕೆ ಹೇಳಿ, ಯಾವಾಗ ತಂದಿದ್ದು, ಎಷ್ಟು ಉಳಿದಿರ್ಬೇಕು, ಎಷ್ಟು ಉಳಿದಿದೆ. ಲೆಕ್ಕ ಸರಿ ಇಲ್ಲ ಅಂದ್ರೆ ಶನಿವಾರದವರೆಗೆ ಕಾಯ್ಬೇಡಿ, ಅವತ್ತೇ ರಾತ್ರಿ ಬಸ್ಸು ಹತ್ತಿ.