ಇಂಪೊಂದೇ ಹೆಣ್ಣಿನ ದನಿಯೇ?

ಪತ್ರ: ತೀಜನ್ ಬಾಯಿಯವರ ಪಂಡವಾನಿಯ ವಿಡಿಯೊ ನೋಡಿದೆ. ಕಥೆ ಹೇಳುವ ಗತ್ತು ಹಿಡಿಸಿತು, ದನಿ ಮಾತ್ರ ಗಂಡಸಿನದರಂತೆ ಒರಟು. ಜನಪದವನ್ನು ಹೆಂಗಸರು ಇಂಪಾಗಿ ಹಾಡಿದರಲ್ಲವೇ ಚೆಂದ?

ಸಂಪಾದಕರ ಉತ್ತರ: ಬಹಳ ಮಂದಿ ಮನಸ್ಸಿನಲ್ಲೇ ಇಟ್ಟುಕೊಳ್ಳುವ ಮಾತನ್ನು ಬಾಯಿಬಿಟ್ಟು ಕೇಳಿದ್ದೀರಿ, ಸಂತೋಷ. ಇಂಪನ್ನು ನಾನೂ ಅಲ್ಲಗಳೆಯುವುದಿಲ್ಲ. ಜೋಗುಳವನ್ನು ಯಾರೂ ಗಂಟಲು ಹರಿದುಕೊಂಡು ಹಾಡುವುದಿಲ್ಲ. ಆದರೆ ಅದೇ ಅಳತೆಗೋಲು ಹಿಡಿದು ತೀಜನ್ ಬಾಯಿಯವರ ಮುಂದೆ ನಿಲ್ಲಬೇಡಿ.

ಪಂಡವಾನಿ ಎಂದರೆ ಛತ್ತೀಸಗಡದವರು ಹಾಡುವ ಮಹಾಭಾರತ. ವೇದಮತಿ ಶೈಲಿಯಲ್ಲಿ ಕೂತು ಹಾಡುತ್ತಾರೆ, ಕಾಪಾಲಿಕದಲ್ಲಿ ಎದ್ದು ನಿಂತು ಅಭಿನಯಿಸುತ್ತ ಹಾಡುತ್ತಾರೆ. ಹೆಂಗಸಾದವಳು ಕೂತೇ ಹಾಡಬೇಕು ಎನ್ನುತ್ತಿದ್ದ ಕಾಲದಲ್ಲಿ ಪಾರ್ಧಿ ಸಮುದಾಯದ ಈ ಹುಡುಗಿ 13ನೇ ವಯಸ್ಸಿನಲ್ಲಿ, 10 ರೂಪಾಯಿಗೆ ಮೊದಲ ಸಲ ಎದ್ದು ನಿಂತು ಹಾಡಿದಳು. ಹಾಡಿದ್ದೇ ತಪ್ಪಾಗಿ ಅವಳ ಸಮುದಾಯವೇ ಅವಳನ್ನು ಹೊರಗಿಟ್ಟಿತು. 2019ರಲ್ಲಿ ಅದೇ ದನಿಗೆ ಪದ್ಮವಿಭೂಷಣ ಬಂತು. ದುಃಶಾಸನ ವಧೆಯ ಭಾಗವನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ಕೈಯಲ್ಲಿದ್ದ ತಂಬೂರಿ ಭೀಮನ ಗದೆಯಾಗುವ ಹೊತ್ತಿಗೆ ದನಿ ಹೊಟ್ಟೆಯಿಂದ ಎದ್ದು ಬರುತ್ತದೆ. ಭೀಮನನ್ನು ಇಂಪಾಗಿ ಗರ್ಜಿಸು ಎನ್ನಲಾದೀತೆ?

ಇನ್ನು ನಮ್ಮ ಅಂಕೋಲೆಯ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಜ್ಜಿ. 2017ರಲ್ಲಿ ಪದ್ಮಶ್ರೀ ಪಡೆದು 2025ರಲ್ಲಿ ತೀರಿಕೊಂಡ ಸುಕ್ರಿ ಬೊಮ್ಮಗೌಡರು. ಅವರದು ಗರ್ಜನೆಯಲ್ಲ, ಪಕ್ಕದಲ್ಲಿ ಕೂತವರಿಗೆ ಸಂಗತಿ ಹೇಳಿದಂಥ ಹಾಡು. ಅಲ್ಲೂ ನೀವು ಹುಡುಕುವ ಇಂಪು ಸಿಗುವುದಿಲ್ಲ.

ದನಿ ಹುಟ್ಟುವುದು ಕೆಲಸದಲ್ಲಿ. ನಾಟಿಯವರು ಗದ್ದೆಯ ಆ ಬದಿಗೆ ಕೇಳಲೆಂದು ದನಿ ಎಸೆಯುತ್ತಾರೆ. ಬೀಸುವವರು ಕಲ್ಲಿನ ಸುತ್ತಿಗೆ ಉಸಿರು ಹೊಂದಿಸಿಕೊಳ್ಳುತ್ತಾರೆ. ಹಿಂದೊಮ್ಮೆ ಒಬ್ಬ ಅಜ್ಜಿಯನ್ನು ಧ್ವನಿಮುದ್ರಣಕ್ಕೆ ಕರೆದೊಯ್ದಿದ್ದೆ. ಬೀಸುವ ಪದ ಶುರುವಾದದ್ದೇ ಅವರ ಬಲಗೈ ಮೇಜಿನ ಮೇಲೆ ಗೂಟ ಹಿಡಿದಂತೆ ಸುತ್ತತೊಡಗಿತು, ಬಳೆ ಸದ್ದಾಯಿತು. 'ಅಜ್ಜಿ, ಕೈ ಆಡಿಸಬೇಡಿ, ಸ್ವಲ್ಪ ಮೆತ್ತಗೆ ಹಾಡಿ' ಎಂದರು ಒಳಗಿದ್ದವರು. ಅಜ್ಜಿ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. ಮೂರನೇ ತ್ರಿಪದಿಗೆ ಪದ ಮರೆತೇಹೋಯಿತು. ನೂರಾರು ಪದ ಬಲ್ಲವರು! ಆವತ್ತಿನ ಸಂಕಟ ನನಗೆ ಇನ್ನೂ ಹೋಗಿಲ್ಲ.

ಈಗಂತೂ ಟಿವಿ ಸ್ಪರ್ಧೆಗಳಲ್ಲಿ ಹಳ್ಳಿಯ ಹುಡುಗಿ ಎದೆ ತುಂಬಿ ಹಾಡಿದರೆ 'ವಾಯ್ಸ್ ಸ್ಮೂತ್ ಮಾಡ್ಕೊಳಮ್ಮಾ' ಎಂಬ ಬುದ್ಧಿಮಾತು. ಮುಂದಿನ ವಾರ ಆ ಮಗು ಸಿನಿಮಾ ಗಾಯಕಿಯ ಹಾಗೆ ಹಾಡುತ್ತದೆ, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಕೀಬೋರ್ಡು, ರಿದಮ್ ಪ್ಯಾಡುಗಳ ನಡುವೆ ಸೋಬಾನೆಗೂ ಕೋಲಾಟಕ್ಕೂ ಒಂದೇ ಗಂಟಲು. ನಿಮ್ಮ ಕಿವಿಯನ್ನು ಪಳಗಿಸಿದ್ದೂ ಇದೇ. ತಪ್ಪು ನಿಮ್ಮೊಬ್ಬರದಲ್ಲ.

ನಿಮ್ಮ ಓಣಿಯಲ್ಲಿ ಹಾಡುವ ಹಿರಿಯರಿದ್ದರೆ ಫೋನಿನಲ್ಲೇ ರೆಕಾರ್ಡ್ ಮಾಡಿ. ಕೆಮ್ಮು ಬರಲಿ, ಬಳೆ ಸದ್ದು ಬರಲಿ, ನಡುವೆ ತಡೆಯಬೇಡಿ. ಎರಡು ಮೂರು ಸಲ ಕೇಳಿಕೊಂಡು ನನಗೆ ಮತ್ತೆ ಬರೆಯಿರಿ.